ಲೇಹ್‌ನಲ್ಲಿ ತೂಕ ಇಳಿಯಿತು, ಗೊರಕೆಯಲ್ಲಿ ಶುಗರ್ ಏರಿತು: ಆಕ್ಸಿಜನ್ ಕಡಿಮೆಯಾದಾಗ ಮೈಯೊಳಗೆ ಏನಾಗುತ್ತದೆ?

ಉಣಕಲ್ ಕೆರೆ ದಂಡೆಯ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡುವವರ ಮಾತು ಈಗ ಸ್ವಲ್ಪ ಬದಲಾಗಿದೆ. ಮೊದಲು ಶುಗರ್ ಎಷ್ಟು, ಬಿಪಿ ಎಷ್ಟು ಅಂತ ಕೇಳುತ್ತಿದ್ದರು. ಈಗ ಕೈಯಲ್ಲಿನ ವಾಚ್ ತೋರಿಸಿ "ರಾತ್ರಿ ಆಕ್ಸಿಜನ್ ಎಷ್ಟಕ್ಕ ಇಳದಿತ್ರಿ?" ಅಂತ ಕೇಳುತ್ತಾರೆ. ಕೊರೋನಾ ಕಾಲದಲ್ಲಿ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಗಾಬರಿಯಿಂದ ನೋಡಿದ ಆ ಸಂಖ್ಯೆ ಈಗ ಮಣಿಕಟ್ಟಿಗೇ ಬಂದು ಕೂತಿದೆ.

ನಮ್ಮ ಕಾಕಾ ಅವರಿಗೂ ಮಗಳು ಅಂಥದ್ದೊಂದು ವಾಚ್ ಕೊಡಿಸಿದಳು. ಅವರಿಗೆ 56 ವರ್ಷ. ಹೊಟ್ಟೆ ಮುಂದೆ ಬಂದಿದೆ, ಎರಡು ವರ್ಷದಿಂದ ಶುಗರ್ ಇದೆ, ಗೊರಕೆ ಅಂತೂ ಪಡಸಾಲೆ ದಾಟಿ ಕಟ್ಟೆವರೆಗೂ ಕೇಳುತ್ತದೆ. ಒಂದು ವಾರ ವಾಚ್ ಕಟ್ಟಿಕೊಂಡು ಮಲಗಿದರು. ರಾತ್ರಿ ಮತ್ತೆ ಮತ್ತೆ 84, 83ಕ್ಕೆ ಇಳಿದದ್ದು ಕಾಣಿಸಿತು. ಅದೇ ವಾರ ನಮ್ಮ ಓಣಿಯ ಹುಡುಗ, ಸೈನ್ಯದಲ್ಲಿರುವವನು, ಲೇಹ್‌ನಿಂದ ರಜೆಗೆ ಬಂದ. ಐದಾರು ಕೆಜಿ ಇಳಿದಿದ್ದ. ಕಾಕಾ ನನ್ನನ್ನು ಹಿಡಿದು ಕೇಳಿದರು: "ಅಲ್ಲೋ, ಅವಗೂ ಆಕ್ಸಿಜನ್ ಕಡಿಮಿ, ನನಗೂ ಕಡಿಮಿ. ಅಂವ ಯಾಕ ಸಣ್ಣಾದ, ನಾ ಯಾಕ ಹಿಂಗಾದೆ?"

ಈ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಇಲ್ಲ. ಕೊರತೆ ಎಷ್ಟು ಅನ್ನೋದರ ಜೊತೆಗೆ ಅದು ಒಂದೇ ಸಮನೆ ಇದೆಯಾ, ಬಿಟ್ಟು ಬಿಟ್ಟು ಬರುತ್ತಾ, ಮೈಯ ಯಾವ ಭಾಗದಲ್ಲಿ ಆಗ್ತಿದೆ, ಇವೆಲ್ಲ ಸೇರಿ ಫಲ ನಿರ್ಧಾರ ಆಗುತ್ತದೆ. ಬುಡದಿಂದ ನೋಡೋಣ.

ಮೊದಲು ಒಲೆಯ ಮಾತು

ನಾವು ತಿಂದ ಜೋಳದ ರೊಟ್ಟಿ, ಅನ್ನ, ಎಣ್ಣೆ, ಪೇಡಾ ಎಲ್ಲವೂ ಮೈಯೊಳಗೆ ಹೋಗಿ ಬಹುಪಾಲು ಎರಡು ಬಗೆಯ ಉರುವಲಾಗುತ್ತದೆ. ಒಂದು ಗ್ಲೂಕೋಸ್, ಅಂದರೆ ಸಕ್ಕರೆ. ಇನ್ನೊಂದು ಕೊಬ್ಬು. ಇವನ್ನು ಸುಡುವ ಒಲೆ ಪ್ರತಿಯೊಂದು ಜೀವಕೋಶದಲ್ಲೂ ಇದೆ (ಕೆಂಪು ರಕ್ತಕಣ ಬಿಟ್ಟು), ಅದರ ಹೆಸರು ಮೈಟೊಕಾಂಡ್ರಿಯಾ. ತಿಂದದ್ದನ್ನು ಒಡೆಯುವುದು, ಸುಡುವುದು, ಉಳಿದದ್ದನ್ನು ಕೂಡಿಡುವುದು, ಈ ಇಡೀ ವ್ಯವಹಾರಕ್ಕೆ ಚಯಾಪಚಯ ಅಥವಾ ಮೆಟಬಾಲಿಸಂ ಅಂತಾರೆ.

ಕಟ್ಟಿಗೆ ಒಲೆ ನೋಡಿದವರಿಗೆ ಮುಂದಿನದು ಸುಲಭ. ಊದುಗೊಳವೆಯಿಂದ ಗಾಳಿ ಊದಿದರೆ ಧಗ್ಗನೆ ಉರಿ ಏಳುತ್ತದೆ. ಗಾಳಿ ಸಾಲದಿದ್ದರೆ ಕಟ್ಟಿಗೆ ಅರೆಬರೆ ಸುಟ್ಟು ಹೊಗೆ ಆಗುತ್ತದೆ, ರೊಟ್ಟಿ ಬೇಯೋದಿಲ್ಲ. ಜೀವಕೋಶದಲ್ಲೂ ಹೀಗೇ. ಆಕ್ಸಿಜನ್ ಇದ್ದರೆ ಒಂದು ಗ್ಲೂಕೋಸ್ ಕಣದಿಂದ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ಹಣ, ಯಾವ ಕೆಲಸಕ್ಕೂ ಅದನ್ನೇ ಕೊಡಬೇಕು. ಆಕ್ಸಿಜನ್ ಇಲ್ಲದಿದ್ದರೆ ಅದೇ ಗ್ಲೂಕೋಸಿನಿಂದ ಬರೀ 2 ಎಟಿಪಿ, ಜೊತೆಗೆ ಅರೆಬೆಂದ ಲ್ಯಾಕ್ಟೇಟ್.

ಇಲ್ಲಿ ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸಕ್ಕರೆಯನ್ನು ಆಕ್ಸಿಜನ್ ಇಲ್ಲದೆ ಅರ್ಧಂಬರ್ಧ ಆದರೂ ಬಳಸಬಹುದು. ಕೊಬ್ಬನ್ನು ಹಾಗೆ ಬಳಸೋಕೆ ಆಗೋದೇ ಇಲ್ಲ. ಕೊಬ್ಬು ಸುಡಬೇಕಾದರೆ ಆಕ್ಸಿಜನ್ ಬೇಕೇ ಬೇಕು.

ಕೊರತೆ ಇದೆ ಅಂತ ಜೀವಕೋಶಕ್ಕೆ ಗೊತ್ತಾಗುವುದು ಹೇಗೆ?

ಆಕ್ಸಿಜನ್ ಸಾಲದ ಸ್ಥಿತಿಗೆ ಹೈಪಾಕ್ಸಿಯಾ ಅಂತ ಹೆಸರು. ಜೀವಕೋಶಕ್ಕೆ ಕಣ್ಣಿಲ್ಲ, ಮೂಗಿಲ್ಲ. ಆದರೂ ಕೊರತೆ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ತಿಳಿಯುತ್ತದೆ. ಇದು ಹೇಗೆ ಅಂತ ಬಿಡಿಸಿ ಹೇಳಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಈ ಮೂವರಿಗೆ 2019ರಲ್ಲಿ ವೈದ್ಯಕೀಯ ನೊಬೆಲ್ ಬಂತು. ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗವೇ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕಚೇರಿ ಅಂದುಕೊಳ್ಳಿ. ಅಲ್ಲಿ ಒಬ್ಬ ಗುಮಾಸ್ತ "ಆಕ್ಸಿಜನ್ ಖಾಲಿ" ಅಂತ ಚೀಟಿ ಬರೆಯುತ್ತಲೇ ಇರುತ್ತಾನೆ. ಕೊರತೆ ಇರಲಿ ಬಿಡಲಿ, ಬರೆಯೋದು ನಿಲ್ಲಿಸೋದಿಲ್ಲ. ಪಕ್ಕದಲ್ಲೇ ಇನ್ನೊಬ್ಬ ಕೂತಿದ್ದಾನೆ. ಬಂದ ಚೀಟಿಗೆಲ್ಲ ಗುರುತು ಹಾಕುವುದು ಅವನ ಕೆಲಸ. ಗುರುತು ಬಿದ್ದ ಚೀಟಿ ಕೆಲವೇ ನಿಮಿಷದಲ್ಲಿ ಕಸದ ಬುಟ್ಟಿ ಸೇರುತ್ತದೆ. ಈಗ ಮುಖ್ಯ ವಿಷಯ: ಗುರುತು ಹಾಕುವ ಆ ಶಾಯಿಯೇ ಆಕ್ಸಿಜನ್. ಆಕ್ಸಿಜನ್ ಕಡಿಮೆಯಾಯಿತೋ, ಶಾಯಿ ಮುಗಿಯಿತು, ಗುರುತು ಬೀಳಲಿಲ್ಲ, ಚೀಟಿ ಬುಟ್ಟಿಗೆ ಹೋಗಲಿಲ್ಲ. ಅದು ನೇರ ಸಾಹೇಬರ ಟೇಬಲ್ಲಿಗೆ ಹೋಯಿತು.

ಆ ಚೀಟಿಯ ಹೆಸರು ಹಿಫ್. ಅದೊಂದು ಪ್ರೋಟೀನ್. ಸಾಹೇಬರ ಟೇಬಲ್ ಅಂದರೆ ನಮ್ಮ ಡಿಎನ್‌ಎ. ಹಿಫ್ ಅಲ್ಲಿಗೆ ಮುಟ್ಟಿದರೆ ನೂರಾರು ಜೀನ್‌ಗಳ ಕೆಲಸ ಬದಲಾಗುತ್ತದೆ. ಮೂತ್ರಪಿಂಡದಿಂದ ಇಪಿಒ ಅನ್ನುವ ಹಾರ್ಮೋನ್ ಹೊರಟು ಕೆಂಪು ರಕ್ತಕಣ ಹೆಚ್ಚು ಮಾಡಿ ಅಂತ ಎಲುಬಿನ ಮಜ್ಜೆಗೆ ಹೇಳುತ್ತದೆ. ಹೊಸ ರಕ್ತನಾಳ ಬೆಳೆಸುವ ಆದೇಶ ಹೋಗುತ್ತದೆ. ಸಕ್ಕರೆ ಒಳಗೆ ಎಳೆದುಕೊಳ್ಳುವ ಬಾಗಿಲುಗಳು ಜಾಸ್ತಿ ಆಗುತ್ತವೆ, ಮೈಟೊಕಾಂಡ್ರಿಯಾಕ್ಕೆ ಹೋಗುವ ದಾರಿ ಅರ್ಧ ಮುಚ್ಚುತ್ತದೆ. ಅಂದರೆ ಜೀವಕೋಶ ಆಕ್ಸಿಜನ್ ಉಳಿಸಲು ಸಕ್ಕರೆಯ ಕಡೆ ವಾಲುತ್ತದೆ, ಕೊಬ್ಬು ಸುಡೋದನ್ನು ಕಡಿಮೆ ಮಾಡಿ ಹನಿಹನಿಯಾಗಿ ಒಳಗೇ ಇಟ್ಟುಕೊಳ್ಳುತ್ತದೆ.

ಇದು ಬರೀ ಪುಸ್ತಕದ ವಿಷಯ ಅಂದುಕೊಳ್ಳಬೇಡಿ. ಕಿಡ್ನಿ ಕಾಯಿಲೆಯಿಂದ ರಕ್ತ ಕಡಿಮೆಯಾದವರಿಗೆ ಕೊಡುವ ಡೆಸಿಡುಸ್ಟಾಟ್ ಅನ್ನುವ ಗುಳಿಗೆಗೆ ಭಾರತದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮಾಡುವುದು ಇಷ್ಟೇ, ಗುರುತು ಹಾಕುವವನ ಕೈ ಹಿಡಿಯುತ್ತದೆ. ಆಕ್ಸಿಜನ್ ಸಾಕಷ್ಟಿದ್ದರೂ ಮೈಗೆ ಕೊರತೆ ಇದೆ ಅನ್ನಿಸುತ್ತದೆ, ರಕ್ತಕಣ ಹೆಚ್ಚುತ್ತವೆ.

ಬೆಟ್ಟಕ್ಕೆ ಹೋದವರು ಯಾಕೆ ಇಳಿಯುತ್ತಾರೆ

ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲ ಕಡೆ ಒಂದೇ, ಸುಮಾರು 21 ಶೇಕಡಾ. ಹುಬ್ಬಳ್ಳಿಯಲ್ಲೂ ಅಷ್ಟೇ, ಎವರೆಸ್ಟ್ ತುದಿಯಲ್ಲೂ ಅಷ್ಟೇ. ಮೇಲೆ ಹೋದಂತೆ ಗಾಳಿಯೇ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಹಾಗಾಗಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕಡಿಮೆ. ನಮ್ಮ ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರ್ ಆಸುಪಾಸು. ನೃಪತುಂಗ ಬೆಟ್ಟ ಹತ್ತಿದರೂ ಮೈಗೆ ಈ ವ್ಯತ್ಯಾಸ ಗೊತ್ತಾಗೋದಿಲ್ಲ, ಏದುಸಿರು ಬರೋದು ಹತ್ತಿದ್ದಕ್ಕೆ. ಲೇಹ್ ಸುಮಾರು 3,500 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗೋದು ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ.

ಜರ್ಮನಿಯಲ್ಲಿ ಒಂದು ಪ್ರಯೋಗ ಮಾಡಿದ್ದರು, 2010ರಲ್ಲಿ ಪ್ರಕಟವಾಯಿತು. ಬೊಜ್ಜಿದ್ದ 20 ಗಂಡಸರನ್ನು ಒಂದು ವಾರ 2,650 ಮೀಟರ್ ಎತ್ತರದ ಕೇಂದ್ರದಲ್ಲಿ ಇಟ್ಟರು. ಬೇಕಾದಷ್ಟು ತಿನ್ನಬಹುದು, ಬಿರುಸಿನ ವ್ಯಾಯಾಮ ಮಾಡುವಂತಿಲ್ಲ, ಸುಮ್ನೆ ಇರಬೇಕು. ವಾರ ಮುಗಿಯುವಾಗ ಸರಾಸರಿ ಒಂದೂವರೆ ಕೆಜಿ ಇಳಿದಿದ್ದರು. ಅವರು ತಿಂದದ್ದೇ ಕಡಿಮೆಯಾಗಿತ್ತು. ಲೆಪ್ಟಿನ್ ಅನ್ನುವ ಹಾರ್ಮೋನ್ ಏರಿತ್ತು. ಲೆಪ್ಟಿನ್ ಕೊಬ್ಬಿನ ಕೋಶಗಳಿಂದ ಬರುತ್ತದೆ, ಹೊಟ್ಟೆ ತುಂಬಿದೆ ಅಂತ ಮೆದುಳಿಗೆ ಹೇಳುತ್ತದೆ. ಹಿಫ್ ಎಚ್ಚರಿಸುವ ಜೀನ್‌ಗಳಲ್ಲಿ ಲೆಪ್ಟಿನ್‌ನದೂ ಒಂದು. ಜೊತೆಗೆ ಎತ್ತರದಲ್ಲಿ ಉಸಿರಾಟ ಜೋರು, ಎದೆಬಡಿತ ಜೋರು, ಸುಮ್ನೆ ಕೂತರೂ ಖರ್ಚು ಸ್ವಲ್ಪ ಜಾಸ್ತಿ.

ಸೈನಿಕರ ಮೇಲೆಯೇ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿದೆ, 2014ರಲ್ಲಿ ಬಂದದ್ದು. ತೂಕ ಸ್ವಲ್ಪ ಹೆಚ್ಚಿದ್ದ ಸೈನಿಕರಲ್ಲಿ ಸುಮಾರು 2 ಕಿಲೋಮೀಟರ್‌ಗಿಂತ ಎತ್ತರದ ಜಾಗಕ್ಕೆ ವರ್ಗವಾದವರಿಗೆ ಬೊಜ್ಜು ಬರುವ ಸಾಧ್ಯತೆ ತಗ್ಗಿನಲ್ಲಿ ಇದ್ದವರಿಗಿಂತ 41 ಶೇಕಡಾ ಕಡಿಮೆ ಇತ್ತು. ಸೈನಿಕರು ತಮಗೆ ಬೇಕಾದ ಊರು ಆರಿಸಿಕೊಳ್ಳೋದಿಲ್ಲ, ಹೇಳಿದ ಕಡೆ ಹೋಗುತ್ತಾರೆ. ಹಾಗಾಗಿ ಮೊದಲೇ ಗಟ್ಟಿಮುಟ್ಟಾದವರು ಬೆಟ್ಟ ಸೇರಿಕೊಂಡರು ಅಂತ ಹೇಳೋಕೆ ಬರೋದಿಲ್ಲ. ಅದಕ್ಕೇ ಈ ಲೆಕ್ಕಕ್ಕೆ ತೂಕ ಇದೆ.

ಆದರೆ ಇಳಿದದ್ದೆಲ್ಲ ಕೊಬ್ಬು ಅಂತ ಸಂತೋಷ ಪಡುವ ಹಾಗಿಲ್ಲ. 1985ರಲ್ಲಿ ಆಪರೇಷನ್ ಎವರೆಸ್ಟ್ 2 ಅನ್ನುವ ಪ್ರಯೋಗ ನಡೆಯಿತು. ಆರೋಗ್ಯವಂತ ಗಂಡಸರನ್ನು ಒಂದು ಕೋಣೆಯಲ್ಲಿಟ್ಟು 40 ದಿನ ಗಾಳಿಯ ಒತ್ತಡ ಇಳಿಸುತ್ತಾ ಹೋದರು. ಚಳಿ ಇಲ್ಲ, ಹತ್ತುವ ಶ್ರಮ ಇಲ್ಲ, ರುಚಿಯಾದ ಊಟ ಬೇಕಾದಷ್ಟಿತ್ತು. ಆದರೂ ಊಟ ಅರ್ಧದ ಹತ್ತಿರ ಇಳಿಯಿತು, ಸರಾಸರಿ 7 ಕೆಜಿಗಿಂತ ಜಾಸ್ತಿ ತೂಕ ಹೋಯಿತು, ಅದರಲ್ಲಿ ಹೆಚ್ಚಿನ ಪಾಲು ಕೊಬ್ಬು ಆಗಿರಲಿಲ್ಲ. ಸ್ನಾಯು ಕರಗಿತ್ತು. ನಮ್ಮ ಓಣಿಯ ಹುಡುಗನ ಅವ್ವ "ತೋಳು ನೋಡು, ಕಟ್ಟಿಗಿ ಆಗ್ಯಾವ" ಅಂದದ್ದು ಸುಮ್ನೆ ತಾಯಿಯ ಸಂಕಟ ಅಷ್ಟೇ ಅಲ್ಲ, ಅದರಲ್ಲಿ ನಿಜ ಇದೆ.

ಗೊರಕೆಯ ರಾತ್ರಿ

ಈಗ ಕಾಕಾ ಅವರ ಕಡೆ ಬರೋಣ. ಅವರಿಗೆ ಇರುವುದು ಸ್ಲೀಪ್ ಆಪ್ನಿಯಾ ಅಂತ ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ಕುತ್ತಿಗೆಯ ಸುತ್ತ, ನಾಲಿಗೆಯ ಬುಡದಲ್ಲಿ ಕೊಬ್ಬು ಜಾಸ್ತಿ ಇದ್ದರೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ ಅದು ಒಂದು ಸಲ ಅಂತ ಲೆಕ್ಕ. ಉಸಿರು ಪೂರ್ತಿ ನಿಲ್ಲದೆ ತೀರಾ ಕುಗ್ಗಿದ್ದನ್ನೂ ಎಣಿಸುತ್ತಾರೆ. ತಾಸಿಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತಾಸಿಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ. ರಾತ್ರಿ ಇಡೀ.

ಲೇಹ್‌ನ ಕೊರತೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಕೊರತೆ ಒಂದೇ ಸಮನೆ ಇರುತ್ತದೆ, ಮೈ ದಿನಗಟ್ಟಲೆ ತಗೊಂಡು ಅದಕ್ಕೆ ಒಗ್ಗಿಕೊಳ್ಳುತ್ತದೆ. ಇಲ್ಲಿ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಕರೆಂಟ್ ಕಡಿಮೆ ಇದ್ದರೆ ಬಲ್ಬು ಮಂದ ಉರಿಯುತ್ತದೆ, ಹೇಗೋ ನಡೆಯುತ್ತದೆ. ಎರಡು ನಿಮಿಷಕ್ಕೊಮ್ಮೆ ಹೋಗಿ ಬಂದು ಮಾಡಿದರೆ ಫ್ರಿಜ್ಜಿನ ಮೋಟರೇ ಸುಡುತ್ತದೆ, ಅಲ್ವಾ?

ಉಸಿರು ನಿಂತ ಪ್ರತಿ ಸಲವೂ ಮೈ ಅದನ್ನು ಪ್ರಾಣಾಪಾಯ ಅಂತಲೇ ತಿಳಿಯುತ್ತದೆ. ಅಡ್ರಿನಲಿನ್ ಥರದ ಹಾರ್ಮೋನ್‌ಗಳು ಹರಿಯುತ್ತವೆ, ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಕೊಬ್ಬಿನ ಕೋಶಗಳು ಕೊಬ್ಬನ್ನು ಬಿಡುತ್ತವೆ. ಓಡಿಹೋಗುವವನಿಗೆ ಇದೆಲ್ಲ ಬೇಕು. ಮಲಗಿದವನಿಗೆ ಇದರಿಂದ ಏನೂ ಉಪಯೋಗ ಇಲ್ಲ. ರಕ್ತದಲ್ಲಿ ತೇಲುವ ಆ ಕೊಬ್ಬು ಯಕೃತ್ತಿಗೂ ಸ್ನಾಯುವಿಗೂ ಹೋಗಿ ಸೇರುತ್ತದೆ. ಅಲ್ಲಿ ಹಿಫ್ ಬೇರೆ ಎದ್ದಿರುತ್ತದೆ, ಕೊಬ್ಬು ಸುಡಬೇಡ, ಇಟ್ಟುಕೋ ಅನ್ನುತ್ತದೆ. ಫ್ಯಾಟಿ ಲಿವರ್‌ಗೆ ಇದೂ ಒಂದು ದಾರಿ.

ಇನ್ಸುಲಿನ್ ಕಥೆಯೂ ಇಲ್ಲೇ ಬರುತ್ತದೆ. ಸಕ್ಕರೆಯನ್ನು ರಕ್ತದಿಂದ ಜೀವಕೋಶದ ಒಳಗೆ ಕಳಿಸುವ ಹಾರ್ಮೋನ್ ಅದು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 13 ಆರೋಗ್ಯವಂತರಿಗೆ ಎಚ್ಚರ ಇದ್ದಾಗಲೇ 5 ತಾಸು ಆಕ್ಸಿಜನ್ ಇಳಿಸಿ ಏರಿಸಿ ಮಾಡಿದರು. ಅಷ್ಟಕ್ಕೇ ಅವರ ಮೈ ಇನ್ಸುಲಿನ್ ಮಾತು ಕೇಳುವುದು 17 ಶೇಕಡಾ ಕಡಿಮೆಯಾಯಿತು. ನಿದ್ದೆ ಕೆಟ್ಟಿರಲಿಲ್ಲ, ಬೊಜ್ಜು ಇರಲಿಲ್ಲ. ಬರೀ 5 ತಾಸು. ಇದನ್ನು ಓದಿದಾಗ ನನಗೆ ಕಾಕಾ ಅವರ ಹತ್ತಾರು ವರ್ಷದ ಗೊರಕೆ ನೆನಪಾಯಿತು.

ಹಾಗಾದರೆ ತೂಕ? ಇಲ್ಲಿ ಸರಿಯಾಗಿ ಹೇಳಬೇಕು. ರಾತ್ರಿಯ ಈ ಏರಿಳಿತವೇ ನೇರವಾಗಿ ಕೆಜಿಗಟ್ಟಲೆ ಕೊಬ್ಬು ಸೇರಿಸುತ್ತದೆ ಅಂತ ಸಾಬೀತಾಗಿಲ್ಲ. ಅದು ಕೆಡಿಸುವುದು ಸಕ್ಕರೆ, ಕೊಬ್ಬಿನ ವ್ಯವಹಾರವನ್ನು. ತೂಕ ಏರುವುದು ಬೇರೆ ದಾರಿಯಿಂದ. ನಿದ್ದೆ ಮುರಿದರೆ ಹಸಿವು ಜಾಸ್ತಿ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೆ ಆಸೆ. ಸಂಜೆ ಗಿರ್ಮಿಟ್ಟಿನ ಜೊತೆ ಎರಡು ಮಿರ್ಚಿ ಬೇಕು ಅನ್ನಿಸುತ್ತದೆ. ಹಗಲೆಲ್ಲ ಆಯಾಸ, ನಡೆಯೋದು ಕಡಿಮೆ. ತೂಕ ಏರಿತು ಅಂದರೆ ಗಂಟಲು ಇನ್ನಷ್ಟು ಬಿಗಿ. ನೂರಾರು ಜನರನ್ನು ವರ್ಷಗಟ್ಟಲೆ ನೋಡಿದ ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನದಲ್ಲಿ ತೂಕ 10 ಶೇಕಡಾ ಏರಿದವರಿಗೆ ಉಸಿರು ನಿಲ್ಲುವುದು ಸುಮಾರು 32 ಶೇಕಡಾ ಹೆಚ್ಚಾಯಿತು, 10 ಶೇಕಡಾ ಇಳಿದವರಿಗೆ 26 ಶೇಕಡಾ ಕಡಿಮೆಯಾಯಿತು.

ಕೊಬ್ಬಿನೊಳಗೇ ಉಸಿರು ಸಾಲದಾದಾಗ

ಮೂರನೆಯದು ವಾಚಿಗೆ ಕಾಣಿಸದ ಕೊರತೆ. ರಕ್ತದಲ್ಲಿ ಆಕ್ಸಿಜನ್ 98 ಇರುತ್ತದೆ, ಆದರೂ ಕೊಬ್ಬಿನ ಗೂಡಿನೊಳಗೆ ಸಾಲದು.

ನಮ್ಮ ಊರಿನ ನೀರಿನ ಪೈಪು ನೆನೆಸಿಕೊಳ್ಳಿ. ಮಲಪ್ರಭೆಯಿಂದ ನೀರು ಬರುತ್ತದೆ, ಹಳೇ ಓಣಿಗಳಿಗೆ ಪೈಪು ಹತ್ತಿರ. ಊರು ಬೆಳೆಯಿತು, ಹೊಲ ಇದ್ದಲ್ಲಿ ಬಡಾವಣೆ ಎದ್ದವು, ಮನೆ ಮೊದಲು ಬಂತು, ಪೈಪು ಆಮೇಲೆ. ಕೊನೆಯ ಮನೆಯ ನಳದಲ್ಲಿ ನೀರು ಸಣ್ಣ ದಾರದ ಹಾಗೆ. ಡ್ಯಾಮಿನಲ್ಲಿ ನೀರು ಎಷ್ಟಿದ್ದರೇನು?

ಕೊಬ್ಬಿನ ಕೋಶವೂ ಹೀಗೇ ಬೆಳೆಯುತ್ತದೆ. ತುಂಬಿಕೊಂಡಾಗ ಅದು 100 ಮೈಕ್ರಾನ್ ದಾಟಿ ಅಗಲ ಆಗಬಹುದು, ತಲೆಗೂದಲ ಎಳೆಗಿಂತ ದಪ್ಪ. ರಕ್ತನಾಳದಿಂದ ಆಕ್ಸಿಜನ್ ಹರಡಿ ಹೋಗುವ ದೂರವೂ ಹೆಚ್ಚೆಂದರೆ 100-200 ಮೈಕ್ರಾನ್. ಕೋಶಗಳು ಉಬ್ಬಿದಷ್ಟು ಬೇಗ ರಕ್ತನಾಳ ಬೆಳೆಯದಿದ್ದರೆ ನಡುವಿನ ಕೋಶಗಳು ಬಡಾವಣೆಯ ಕೊನೆ ಮನೆಗಳಾಗುತ್ತವೆ. ಅಲ್ಲಿ ಹಿಫ್ ಏಳುತ್ತದೆ. ಹೊಸ ರಕ್ತನಾಳ ಬೆಳೆಸಬೇಕಾದ ಜಾಗದಲ್ಲಿ ಗಟ್ಟಿ ನಾರು ಕಟ್ಟುತ್ತದೆ, ರೋಗನಿರೋಧಕ ಕೋಶಗಳು ಬಂದು ಸೇರಿ ಉರಿಯೂತ ಶುರುವಾಗುತ್ತದೆ, ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಅನ್ನುವ ಹಾರ್ಮೋನ್ ಕಡಿಮೆಯಾಗುತ್ತದೆ. ಹೊಸ ಕೊಬ್ಬಿಗೆ ಅಲ್ಲಿ ಜಾಗ ಇಲ್ಲ, ಅದು ಯಕೃತ್ತಿಗೆ, ಸ್ನಾಯುವಿಗೆ ಸೋರುತ್ತದೆ.

ಇಲಿಗಳಲ್ಲಿ ಇದು 2007ರ ಹೊತ್ತಿಗೇ ಸ್ಪಷ್ಟವಾಗಿ ಕಂಡಿತ್ತು. ಮನುಷ್ಯರಲ್ಲಿ ಅಳೆದಾಗ ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ. ಕೆಲವರು ಕೊರತೆ ಕಂಡರು, ಕೆಲವರಿಗೆ ಕೊಬ್ಬಿನ ಕೋಶಗಳು ಆಕ್ಸಿಜನ್ ಬಳಸುವುದೇ ಕಡಿಮೆ ಮಾಡಿದ್ದು ಕಂಡಿತು. ಚರ್ಚೆ ಮುಗಿದಿಲ್ಲ.

ನಮ್ಮವರಿಗೆ ಇದು ಹೆಚ್ಚು ತಟ್ಟುತ್ತದೆ. ಭಾರತೀಯರಲ್ಲಿ ನೋಡಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ನಮಗೆ ಬೇರೆ ಗೆರೆ ಎಳೆದಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಜಿಮ್ಮಿನ ಮಾಸ್ಕ್ ಹಾಕಿಕೊಂಡರೆ?

ಬೆಟ್ಟದಲ್ಲಿ ತೂಕ ಇಳಿಯುತ್ತದೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಉಸಿರು ಬಿಗಿಯುವ ಕಪ್ಪು ಮಾಸ್ಕ್ ಹಾಕಿಕೊಂಡು ಓಡುವ ಹುಡುಗರು ನಮ್ಮಲ್ಲೂ ಇದ್ದಾರೆ. ಆ ಮಾಸ್ಕ್ ಗಾಳಿ ಬರುವ ದಾರಿಯನ್ನು ಬಿಗಿ ಮಾಡುತ್ತದೆ, ಗಾಳಿಯನ್ನು ತೆಳು ಮಾಡೋದಿಲ್ಲ. ಉಸಿರಾಟದ ಸ್ನಾಯುವಿಗೆ ಒಂದಿಷ್ಟು ಕೆಲಸ ಸಿಗಬಹುದು, ಲೇಹ್ ಸಿಗೋದಿಲ್ಲ. ಮಾತ್ರೆಯಿಂದ ಹಿಫ್ ಏರಿಸಿ ಬೊಜ್ಜು ಇಳಿಸೋದೂ ಸರಳ ಅಲ್ಲ. ಇಲಿಗಳಲ್ಲಿ ಕೊಬ್ಬಿನ ಕೋಶದ ಒಂದು ಬಗೆಯ ಹಿಫ್ ತೆಗೆದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ಬಗೆಯದನ್ನು ಯಕೃತ್ತಿನಲ್ಲಿ ಏರಿಸಿದರೆ ಕೊಬ್ಬು ತುಂಬುತ್ತದೆ. ಒಂದು ಅಂಗಕ್ಕೆ ಒಳ್ಳೆಯದು ಪಕ್ಕದ ಅಂಗಕ್ಕೆ ಕೆಟ್ಟದ್ದಾಗಬಹುದು.

ವಾಚ್ ನೋಡಿ ಏನು ಮಾಡಬೇಕು

ವಾಚಿನ ಒಂದು ಸಂಖ್ಯೆ ನೋಡಿ ಹೆದರಬೇಡಿ. ಪಟ್ಟಿ ಸಡಿಲ ಇದ್ದರೆ, ಕೈ ತಣ್ಣಗಿದ್ದರೆ, ಕೈ ಮೇಲೆ ಒರಗಿ ಮಲಗಿದರೆ ಅದು ತಪ್ಪು ತೋರಿಸುತ್ತದೆ. ಆದರೆ ರಾತ್ರಿ ಮೇಲೆ ರಾತ್ರಿ ಗರಗಸದ ಹಲ್ಲಿನ ಹಾಗೆ ಏರಿಳಿತ ಕಂಡರೆ, ಜೊತೆಗೆ ಜೋರು ಗೊರಕೆ, ನಡುವೆ ಉಸಿರು ಕಟ್ಟಿ ದಡಕ್ಕನೆ ಏಳೋದು, ಬೆಳಿಗ್ಗೆ ತಲೆನೋವು, ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ, ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಹೋಗಿ ನಿದ್ದೆ ಪರೀಕ್ಷೆ ಮಾಡಿಸಿಕೊಳ್ಳಿ. ಗಾಡಿ ಓಡಿಸುವವರಂತೂ ತಡ ಮಾಡಲೇಬೇಡಿ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಸಿಪ್ಯಾಪ್ ಯಂತ್ರ. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ನಿದ್ದೆ ಸುಧಾರಿಸುತ್ತದೆ, ಬಿಪಿ ಸ್ವಲ್ಪ ಇಳಿಯುತ್ತದೆ. ಆದರೆ ಅದರಿಂದಲೇ ತೂಕ ಇಳಿಯೋದಿಲ್ಲ, ಕೆಲವರಿಗೆ ತುಸು ಏರುತ್ತದೆ ಕೂಡ, ಯಾಕೆಂದರೆ ರಾತ್ರಿ ಉಸಿರಿಗಾಗಿ ಒದ್ದಾಡುವ ಖರ್ಚು ತಪ್ಪಿತು. ಊಟ, ನಡಿಗೆ ಬೇರೆಯೇ ಬದಲಾಗಬೇಕು. ಅಂಗಾತ ಮಲಗೋದು ಬಿಟ್ಟು ಮಗ್ಗುಲಾಗಿ ಮಲಗಿದರೆ ಹಲವರಿಗೆ ಅನುಕೂಲ. ಮಲಗುವ ಮುಂಚೆ ಮದ್ಯ ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗಾಗಿ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಯಾರಿಗೆ ಸರಿ ಅನ್ನೋದು ಡಾಕ್ಟರ್ ಹೇಳಬೇಕಾದ ಮಾತು.

ಪರೀಕ್ಷೆಗೆ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಕರಕೊಂಡು ಹೋಗಿ. ಉಸಿರು ನಿಂತದ್ದು ಮಲಗಿದವರಿಗೆ ಗೊತ್ತಿರೋದಿಲ್ಲ. ಕಾಕಾ ಅವರ ಜೊತೆ ಕಾಕು ಹೋಗಿದ್ದರು. ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಎಷ್ಟು ಹೊತ್ತು ಉಸಿರು ನಿಲ್ಲುತ್ತದೆ, ಯಾವ ಮಗ್ಗುಲಲ್ಲಿ ಕಡಿಮೆ, ಡಾಕ್ಟರ್ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟದ್ದು ಅವರೇ.